ಮಾರುವ ಮನೆಯ ಮದುಮಗಳು

ಬಾಳೂರು
21-2-2025

ನನ್ನ ಮುದ್ದು ಶಬ್ಬು,

ಮೊದಲು ಮನಸಾರೆ ಬೈದುಬಿಡು, ಆಮೇಲೆ ಓದು. ಮದುವೆಯಾದ ವಾರದೊಳಗೆ ಬರೆಯುತ್ತೇನೆಂದು ನಿನ್ನ ತಲೆ ಮುಟ್ಟಿ ಹೇಳಿದವಳು ನಾನೇ. ಆದರೆ ಹೊಸ ಮದುಮಗಳನ್ನು ಕೂತು ಬರೆಯಲು ಬಿಡುವವರು ಯಾರು? ಇವತ್ತು ಈ ನೆಂಟರ ಮನೆಯ ಔತಣ, ನಾಳೆ ಆ ನೆಂಟರ ಮನೆಯದು. ಎಲ್ಲಿ ಹೋದರೂ ಕಡುಬು, ಕೋಳಿ ಸಾರು, ಮತ್ತೆ ಕಡುಬು! ಬ್ಲೌಸುಗಳೆಲ್ಲ ಈಗಲೇ ಬಿಗಿಯಾಗಿವೆ. ಮಂಗಳೂರಿನಲ್ಲಿ ನಿನ್ನ ನರ್ಸಿಂಗ್ ಹಾಸ್ಟೆಲಿನ ಊಟ ಹೇಗಿದೆ? ಇನ್ನೂ ಅದೇ ನೀರು ಸಾಂಬಾರೇ?

ಫೋನು ಮಾಡಬಾರದೇ ಎನ್ನುತ್ತೀಯ. ನಮ್ಮ ಮನೆಯಲ್ಲಿ (ನೋಡು, ‘ನಮ್ಮ ಮನೆ’ ಎಂದು ಬರೆದೇಬಿಟ್ಟೆ!) ಟವರ್ ಸಿಗುವುದಿಲ್ಲ. ರಸ್ತೆಯ ತಿರುವಿನ ಮೋರಿಕಟ್ಟೆಯ ಮೇಲೆ ನಿಂತರೆ ಒಂದಿಷ್ಟು ಸಿಗುತ್ತದೆ. ಅಲ್ಲಿ ನಿಂತು ಗೆಳತಿಯ ಜೊತೆ ಗುಟ್ಟು ಮಾತಾಡಿದರೆ ತೋಟಕ್ಕೆ ಹೋಗುವ ಜೀಪಿನವರೆಲ್ಲ ನಿಧಾನ ಮಾಡಿ ಕೇಳಿಸಿಕೊಂಡು ಹೋಗುತ್ತಾರೆ. ಅದಕ್ಕೇ ಕಾಗದ. ಕಾನ್ವೆಂಟಿನಲ್ಲಿ ಕನ್ನಡಕ್ಕೆ ನೀನೇ ಫಸ್ಟ್, ನಾನು ಹೇಗೋ ಪಾಸು. ಆದರೂ ನಿನಗೆ ಕನ್ನಡದಲ್ಲಿ ಬರೆದರೇನೇ ಎದುರು ಕೂತು ಮಾತಾಡಿದ ಹಾಗಿರುತ್ತದೆ. ಕಾಗುಣಿತ ತಪ್ಪಿದ್ದರೆ ಕೆಂಪು ಪೆನ್ನು ಹಿಡಿಯಬೇಡ.

ಉಮೇಶ್ ಹೇಗೆ ಎಂದು ಕೇಳಿದ್ದೆಯಲ್ಲ. ಮಾತು ಕಡಿಮೆ. ಪ್ರವಾಸಿಗರನ್ನು ಜೀಪಿನಲ್ಲಿ ಬೆಟ್ಟಕ್ಕೆ ಕರೆದುಕೊಂಡು ಹೋಗುವ ಕೆಲಸವಾದ್ದರಿಂದ ದಿನದ ಮಾತೆಲ್ಲ ಅಲ್ಲೇ ಖರ್ಚಾಗಿರುತ್ತದೋ ಏನೋ. ಸಂಜೆ ರೆಪ್ಪೆಯ ಮೇಲೆಲ್ಲ ಧೂಳು ಹೊತ್ತು ಬಂದು ನನ್ನನ್ನು ನೋಡಿ ನಗುತ್ತಾರೆ. ಆ ನಗು ನೋಡಬೇಕು ಶಬ್ಬು! ಅಮ್ಮ ಹೊಲಿಗೆ ಮೆಷಿನ್ ತುಳಿದು ನಮ್ಮಿಬ್ಬರು ಹೆಣ್ಣುಮಕ್ಕಳನ್ನು ಇಂಗ್ಲಿಷ್ ಮೀಡಿಯಂ ಓದಿಸಿದವಳು. ಅವಳಿಗೆ ಒಡವೆ ಮಾಡಿಸುವ ಚಿಂತೆಯನ್ನೂ ಇವರು ಕೊಡಲಿಲ್ಲ. ಏನೂ ಬೇಡ, ಮದುವೆ ಮಾತ್ರ ನಮ್ಮ ಮನೆಯಲ್ಲೇ ಆಗಬೇಕು ಅಂದರಂತೆ. ನಮ್ಮ ಕ್ಲಾಸಿನವರೆಲ್ಲ ಅದೇ ಕಲ್ಯಾಣ ಮಂಟಪದ ಅದೇ ಪ್ಲಾಸ್ಟಿಕ್ ಹೂವಿನ ಕೆಳಗೆ ಮದುವೆಯಾದರೆ, ನಾನು ಹಸಿರು ಚಪ್ಪರದ ಕೆಳಗೆ! ಫೋಟೋ ನೋಡಿ ಎಲ್ಲರಿಗೂ ಹೊಟ್ಟೆಕಿಚ್ಚು.

ಈಗ ದೊಡ್ಡ ಸುದ್ದಿ. ಈ ಮನೆಯನ್ನು ಮಾರುತ್ತಿದ್ದೇವೆ.

ಮಾವನವರು, ಶೇಷಪ್ಪನವರು, ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಜೀವಮಾನವೆಲ್ಲ ಕೂಲಿಯಾಳುಗಳ ಹಾಜರಿ ಬರೆದು, ಕೊನೆಗೆ ರಸ್ತೆಬದಿಯಲ್ಲಿ ಈ ತಾರಸಿ ಮನೆ ಕಟ್ಟಿಸಿದರಂತೆ. ಹೋದ ಮಳೆಗಾಲದಲ್ಲಿ ತೀರಿಕೊಂಡರು. ಅಣ್ಣಮ್ಮತ್ತೆಗೆ ಇಲ್ಲಿರಲು ಮನಸ್ಸಿಲ್ಲ, ಕಳಸದಲ್ಲಿರುವ ಮಗಳು ಮೋನಿಕಾ ಅತ್ತಿಗೆಯ ಮನೆಗೆ ಹೋಗುತ್ತಾರಂತೆ. ಹಾಗಾದರೆ ನಾವು? ನಾನೇ ಕೇಳಿದೆ, “ಚಿಕ್ಕಮಗಳೂರಲ್ಲಿ ನಾವಿಬ್ರೇ ಒಂದು ಮನೆ ಮಾಡೋಣ್ವಾ?” ಉಮೇಶ್ ಜೀಪಿನ ಗಾಜು ಒರೆಸುತ್ತಾ “ಹೂಂ, ನೋಡಣ” ಎಂದರು. ಹೂಂ ಎಂದರು ಶಬ್ಬು! ಆವತ್ತಿನಿಂದ ನಾನು ಆ ಮನೆಯಲ್ಲೇ ವಾಸವಾಗಿದ್ದೇನೆ. ಅದಕ್ಕೊಂದು ಪುಟ್ಟ ಬಾಲ್ಕನಿ ಇದೆ. ಅಡುಗೆಮನೆಗೆ ಬೆಳಗಿನ ಬಿಸಿಲು ಬರುತ್ತದೆ. ನೀನು ರಜೆಗೆ ಬಂದರೆ ಮಲಗಲು ದಿವಾನವೂ ಇದೆ.

ಅದಕ್ಕೇ ಈ ಮನೆ ಬೇಗ ಹೋಗಲೆಂದು ನಾನು ಸೆರಗು ಕಟ್ಟಿ ನಿಂತಿದ್ದೇನೆ. ವಿದೇಶದಲ್ಲಿ ಮನೆ ಮಾರುವ ಮುಂಚೆ ಅದನ್ನು ಚೆನ್ನಾಗಿ ಸಿಂಗರಿಸುತ್ತಾರೆ, ಸ್ಟೇಜಿಂಗ್ ಅಂತ. ಎಷ್ಟೊಂದು ರೀಲ್ ನೋಡಿದ್ದೇನೆ! ನಮ್ಮ ಮಲಗುವ ಕೋಣೆಯಲ್ಲಿ ಹಿತ್ತಲ ಕಾಫಿಯ ಮೂಟೆಗಳು ತಲೆಯ ಮಟ್ಟಕ್ಕೆ ನಿಂತಿದ್ದವು, ಅವನ್ನೆಲ್ಲ ಶೆಡ್ಡಿಗೆ ಸಾಗಿಸಿದೆವು. ಹಾಲಿನ ಶೋಕೇಸಿನಲ್ಲಿದ್ದ ಪ್ಲಾಸ್ಟಿಕ್ ಗಿಳಿ, ಒಡೆದ ಗಡಿಯಾರ, ಖಾಲಿ ಸೆಂಟಿನ ಬಾಟಲಿಗಳು ಮೂಟೆಗೆ ಹೋದವು. ಪಕ್ಕದ ಹೋಮ್‌ಸ್ಟೇಯಿಂದ ಬೆತ್ತದ ಕುರ್ಚಿ, ಊಟದ ಮೇಜು ಕಡ ತಂದೆವು. ಈ ಮನೆಯಲ್ಲಿ ಮೇಜಿನ ಮೇಲೆ ಉಂಡವರು ಯಾರೂ ಇಲ್ಲ, ಅತ್ತೆ ಅದರ ಮೇಲೆ ಮೊರ ಇಟ್ಟು ಮೆಣಸು ಆರಿಸುತ್ತಿದ್ದರು! ಆಲ್ದೂರಿನಲ್ಲಿ ನಿಮ್ಮ ಅಬ್ಬಾನ ಅಂಗಡಿಗೇ ಹೋಗಿ ಬಣ್ಣ ತಂದೆ. “ಬಿಳಿ ಬೇಡ ಮಗಾ, ಮಳೆಗಾಲಕ್ಕೆ ಪಾಚಿ ಹಿಡೀತದೆ” ಎಂದರು ರಹೀಮ್ ಚಾಚಾ. “ಮಾರೋ ಮನೆ ಚಾಚಾ, ಮಳೆಗಾಲಕ್ಕೆ ನಾವಿರಲ್ಲ” ಎಂದೆ. ಅವರು ಒಮ್ಮೆ ನನ್ನ ಮುಖ ನೋಡಿ ಡಬ್ಬ ಕಟ್ಟಿಕೊಟ್ಟರು.

ನಗು ಬರುವ ಮಾತೊಂದು ಕೇಳು. ಕೊಳ್ಳುವವರು ಬರುವ ಹೊತ್ತಿಗೆ ಕಾಫಿ ಕುದಿಸಬೇಕು, ಆ ಘಮಕ್ಕೇ ಜನ ಮನೆ ಕೊಳ್ಳುತ್ತಾರೆ ಎಂದು ರೀಲಿನಲ್ಲಿ ಕಲಿತದ್ದನ್ನು ಅತ್ತೆಗೆ ಹೇಳಿದೆ. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ, “ಎಂತ ಮಾರಾಯ್ತಿ, ಈ ಸೀಮೆಲಿ ಕಾಫಿ ವಾಸ್ನೆ ಬರದ ಮನೆ ಎಲ್ಲುಂಟು? ಇದನ್ ಹೇಳಕ್ಕೆ ಅಲ್ಲೆಲ್ಲ ದುಡ್ಡು ತಗತಾರನಾ?” ಎಂದರು. ನಾನು ನಕ್ಕು ನಕ್ಕು ಸುಸ್ತು.

ಮನೆಯ ಬ್ರೋಕರ್ ಯಾರು ಗೊತ್ತಾ? ನಮ್ಮ ಮದುವೆ ಮಾಡಿಸಿದ ಮಂಜಯ್ಯನವರೇ! ಮೆಣಸಿಗೂ ಅವರೇ, ಮನೆಗೂ ಅವರೇ, ಗಂಡು ಹೆಣ್ಣಿಗೂ ಅವರೇ. ಮಾವನವರ ಹಾರ ಹಾಕಿದ ಫೋಟೋವನ್ನು ಹಾಲಿನಿಂದ ತೆಗೆಸಿದರು. ಅದು ಸರಿಯೇ, ಮನೆಯವರ ಫೋಟೋ ಇರಬಾರದು, ಕೊಳ್ಳುವವರಿಗೆ ಅದು ತಮ್ಮದೇ ಮನೆ ಅನ್ನಿಸಬೇಕು ಎಂದು ರೀಲಿನವರೂ ಹೇಳುತ್ತಾರೆ. ಅತ್ತೆ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಒಳಗೆ ಒಯ್ದರು. ಆದರೆ ಅಂಗಳದ ಮದುವೆ ಚಪ್ಪರ ಮಾತ್ರ ಬಿಚ್ಚಬೇಡಿ ಎನ್ನುತ್ತಾರೆ ಮಂಜಯ್ಯ. ಮಾವಿನೆಲೆ ಒಣಗಿ ಮುರುಟಿದೆ, ಅದರ ನೆರಳಿಗೆ ಹಾಲೆಲ್ಲ ಕತ್ತಲೆ. ಹಳೆಗಾಲದವರಿಗೆ ಬೆಳಕಿನ ಬೆಲೆ ಏನು ಗೊತ್ತು, ಹೇಳು!

ಸದ್ಯಕ್ಕೆ ಇಷ್ಟು. ಒಲೆಯ ಮೇಲೆ ಹಾಲಿದೆ.

ನಿನ್ನ ಹುಚ್ಚು ಹುಡುಗಿ,
ಕೃತಿಕಾ


ಬಾಳೂರು
14-3-2025

ಪ್ರೀತಿಯ ಶಬ್ಬು,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಔತಣದ ನೆಪ ಈ ಸಲ ಇಲ್ಲ. ಬರೆಯಲು ಮನಸ್ಸಾಗಲಿಲ್ಲ, ಅಷ್ಟೇ. ಪರೀಕ್ಷೆ ಹತ್ತಿರ ಬಂತೆಂದು ಬರೆದಿದ್ದೀಯ, ರಾತ್ರಿ ಪಾಳಿಯೂ ಇದೆಯೆಂದು. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಲ್ಲಿ ಮೊದಲ ಮಳೆ ಬಿದ್ದು ಕಾಫಿ ಹೂವಾಗಿದೆ. ಬೆಟ್ಟಕ್ಕೆಲ್ಲ ಯಾರೋ ಹಿಟ್ಟು ಉದುರಿಸಿದ ಹಾಗೆ. ಕೊಳ್ಳುವವರನ್ನು ಕರೆತರಲು ಮಂಜಯ್ಯ ಈ ಹೂವಿಗೇ ಕಾಯುತ್ತಿದ್ದರು.

ಕೊಳ್ಳುವವರು ಬರುವ ಹಿಂದಿನ ದಿನ ಉಮೇಶ್ ಬೆಟ್ಟಕ್ಕೆ ಹೋಗಿದ್ದರು, ಅತ್ತೆ ಹಿತ್ತಲಲ್ಲಿದ್ದರು. ನಾನು ಅಂಗಳಕ್ಕೆ ಇಳಿದು ಮನೆಯನ್ನು ಕೊಳ್ಳುವವಳ ಕಣ್ಣಿನಿಂದ ನೋಡಿದೆ. ಹೊಸ ಬಿಳಿ ಗೋಡೆ, ಬೆತ್ತದ ಕುರ್ಚಿ, ನನ್ನ ರೇಷ್ಮೆ ದುಪಟ್ಟಾದಿಂದ ಹೊಲಿದ ಪರದೆ. ಎಲ್ಲ ಚಂದ. ಮುಂದೆ ಆ ಒಣಗಿದ ಚಪ್ಪರ ಒಂದೇ ಹುಳುಕು. ಏಣಿ ಹಾಕಿದೆ, ಹಗ್ಗ ಕೊಯ್ದೆ. ಗಳುಗಳನ್ನು ಶೆಡ್ಡಿನ ಹಿಂದೆ ಒಟ್ಟಿದೆ, ಸೋಗೆಯನ್ನೂ ಮಾವಿನೆಲೆಯನ್ನೂ ಬಚ್ಚಲ ಒಲೆಗೆ ತುರುಕಿದೆ. ಬಾಗಿಲ ತೋರಣವನ್ನೂ, ಹಾಲಿನ ನಮ್ಮ ಮದುವೆ ಫೋಟೋವನ್ನೂ ತೆಗೆದೆ. ಎಷ್ಟು ಬೆಳಕು ಬಂತು ಗೊತ್ತಾ! ಉಮೇಶ್ ಬಂದು ನೋಡಿ ಏನೆನ್ನುತ್ತಾರೋ ಎಂದು ಒಬ್ಬಳೇ ನಗುತ್ತಾ ನೆಲ ಒರೆಸುತ್ತಿದ್ದೆ.

ಮೊದಲು ಬಂದವರು ಮಂಜಯ್ಯ. ಗೇಟಿನಲ್ಲೇ ನಿಂತುಬಿಟ್ಟರು.

“ಚಪ್ಪರ ಎಲ್ಲಿ?”

“ಬಿಚ್ಚಿದೆ ಮಂಜಯ್ಯನೋರೆ. ಈಗ ನೋಡಿ, ಮನೆ ಎಷ್ಟು ದೊಡ್ಡದಾಗಿ ಕಾಣ್ತದೆ!”

ಅವರು ಬಾಗಿಲಿಗೆ ಬಂದು ಹಾಲಿನೊಳಗೆ ಇಣುಕಿದರು. “ಅಯ್ಯೋ, ಎಂತ ಕೆಲ್ಸ ಮಾಡಿದ್ರಿ ಮಾರಾಯ್ತಿ! ಮದುವೆ ಫೋಟೋನೂ ತೆಗ್ದಿದೀರಾ? ಸೋಗೆ ಎಲ್ಲಿ ಹಾಕಿದ್ರಿ?”

“ಬಚ್ಚಲ ಒಲೆಗೆ.”

ಅವರು ಹಣೆಗೆ ಕೈ ಹಚ್ಚಿ ಮೆಟ್ಟಿಲ ಮೇಲೆ ಕೂತರು. “ಅಣ್ಣಮ್ಮೋರೆ, ಬನ್ನಿ ಇಲ್ಲಿ. ನಿಮ್ ಸೊಸೆ ಎಲ್ಲ ಸುಟ್ಟಾಕಿದಾರೆ. ಚಪ್ಪರ ಕಾಣ್ಲಿ ಅಂತಲೇ ಅಲ್ವಾ ಮದುವೆನ ಮನೇಲಿ ಮಾಡಿಸಿದ್ದು! ನಾಳೆ ಆ ಮೇಡಮ್ಮಿಗೆ ಎಂತ ತೋರಿಸ್ಲಿ ನಾನು? ಗೋಡೆ ತೋರಿಸ್ಲಾ?”

ನನಗೆ ಅರ್ಥವಾಗಲಿಲ್ಲ. ನಿಜವಾಗಿ ಅರ್ಥವಾಗಲಿಲ್ಲ ಶಬ್ಬು. ಚಿಂದಿ ಬಟ್ಟೆ ಹಿಡಿದುಕೊಂಡು ನಗುತ್ತಲೇ ನಿಂತಿದ್ದೆ.

ಅತ್ತೆ ಕೆಸರು ಕೈ ಒರೆಸಿಕೊಳ್ಳುತ್ತಾ ಬಂದರು. ಮಂಜಯ್ಯನವರನ್ನೊಮ್ಮೆ ನೋಡಿ, “ಇವಳಿಗೆ ಗೊತ್ತಿಲ್ಲ” ಎಂದರು. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಮಣೆಯ ಮೇಲೆ ಕೂರಿಸಿ ಹೇಳಿದರು. ಮಾವನವರು ಹೋದದ್ದು ಧನಿಷ್ಠಾ ನಕ್ಷತ್ರದಲ್ಲಂತೆ. ಆ ನಕ್ಷತ್ರದಲ್ಲಿ ಜೀವ ಹೋದ ಮನೆಯಲ್ಲಿ ಇರಬಾರದಂತೆ. ಬಾಗಿಲಿಗೆ ಬೀಗ ಹಾಕಿ, ಮುಳ್ಳಿನ ಕೊಂಬೆ ಅಡ್ಡ ಇಟ್ಟು, ಅತ್ತೆ, ಉಮೇಶ್ ಇಬ್ಬರೂ ಆರು ತಿಂಗಳು ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಯಲ್ಲಿದ್ದರಂತೆ. ರಸ್ತೆಬದಿಯ ಮನೆ, ಹೋಗಿ ಬರುವವರೆಲ್ಲ ಮುಳ್ಳು ನೋಡಿದ್ದಾರೆ. ಕೊಳ್ಳಲು ಬಂದವರು ಆಲ್ದೂರಿನ ಚಾ ಅಂಗಡಿಯಲ್ಲಿ ವಿಚಾರಿಸಿ ಹಾಗೇ ಹಿಂದಕ್ಕೆ ಹೋಗುತ್ತಿದ್ದರಂತೆ. ಆಗ ಮಂಜಯ್ಯ ಹೇಳಿದರಂತೆ, ಮನೆಯಲ್ಲೊಂದು ಮದುವೆಯಾಗಲಿ, ಹೊಸ ಹೆಣ್ಣು ಬಲಗಾಲಿಟ್ಟು ಒಳಗೆ ಬರಲಿ, ಆಮೇಲೆ ಯಾರ ಬಾಯಿಗೂ ಮಾತಿರುವುದಿಲ್ಲ ಎಂದು.

“ನಿನ್ನಿಂದ ಈ ಮನೆಗೆ ಬೆಳಕು ಬಂತು ಮಗಾ. ಕೆಟ್ಟದ್ದಂತೂ ಅಲ್ವಲ್ಲ ಅದು” ಎಂದರು ಅತ್ತೆ. ನನ್ನ ಕೆನ್ನೆ ಮುಟ್ಟಲು ಕೈ ಎತ್ತಿದರು. ಕೈಯಲ್ಲಿ ಕೆಸರಿದೆಯೆಂದು ಇಳಿಸಿದರು.

ಸಂಜೆ ಜೀಪಿನ ಸದ್ದು ಕೇಳಿದ ಕೂಡಲೇ ಗೇಟಿಗೆ ಓಡಿದೆ. ಉಮೇಶ್ ಇಳಿಯುವ ಮೊದಲೇ ಕೇಳಿದೆ.

“ನಿಮಗೆ ನಾನು ಇಷ್ಟ ಆಗಿದ್ದಕ್ಕೆ ಮದುವೆ ಆದ್ರಾ, ಇಲ್ಲ ಈ ಮನೆಗೋಸ್ಕರ ಆದ್ರಾ?”

ಅವರು ಸ್ಟೇರಿಂಗ್ ಹಿಡಿದುಕೊಂಡೇ ಎಂಜಿನ್ ಆರಿಸಿದರು. ಸುಳ್ಳು ಹೇಳಲು ಬರದ ಮನುಷ್ಯ, ಅದೇ ನನಗೆ ಇಷ್ಟವಾಗಿದ್ದು.

“ನೋಡಿದ್ಮೇಲೆ ಇಷ್ಟ ಆಯ್ತು ಕೃತಿ.”

“ನೋಡೋಕೆ ಮುಂಚೆ?”

“ಮುಂಚೆ... ತಾರೀಖು ನಿಶ್ಚಯ ಆಗಿತ್ತು.”

ಶಬ್ಬು, ನಾನು ಯಾರೆಂದು ತಿಳಿಯುವ ಮೊದಲೇ ನನ್ನ ಮದುವೆಯ ತಾರೀಖು ನಿಶ್ಚಯವಾಗಿತ್ತು. ಆ ದಿನಕ್ಕೆ ಸಿಗುವ ಒಂದು ಹೆಣ್ಣು ಬೇಕಿತ್ತು, ನಾನು ಸಿಕ್ಕಿದೆ.

“ಈಗ ಎಂತ ಮಾಡದು ಹೇಳು” ಎಂದು ಅವರೇ ನನ್ನನ್ನು ಕೇಳಿದರು. ಕಣ್ಣಲ್ಲಿ ನೀರಿತ್ತು, ಧೂಳೂ ಇತ್ತು. ಅವರನ್ನು ಕಂಡು ನನಗೇ ಪಾಪ ಎನ್ನಿಸಿತು, ನೋಡು ನನ್ನ ಹಣೆಬರಹ. ಹೇಗಾದರೂ ಆಗಲಿ, ಮನೆ ಹೋಗಲಿ, ನಮ್ಮದೇ ಮನೆಗೆ ಹೋದ ಮೇಲೆ ಎಲ್ಲ ಹೊಸದಾಗಿ ಶುರುವಾಗುತ್ತದೆ ಎಂದುಕೊಂಡೆ. ಅಲ್ಲಿ ಯಾವ ನಕ್ಷತ್ರವೂ ಇರುವುದಿಲ್ಲ, ಮಂಜಯ್ಯನೂ ಇರುವುದಿಲ್ಲ. ನಾನೇ ಗಳು ಹಿಡಿದುಕೊಟ್ಟೆ, ಅವರು ಹಗ್ಗ ಬಿಗಿದರು. ಕತ್ತಲಾಗುವ ಮೊದಲು ಚಪ್ಪರ ಮತ್ತೆ ನಿಂತಿತು. ಹಸಿ ಮಾವಿನೆಲೆ ಬಂದದ್ದರಿಂದ ಮೊದಲಿಗಿಂತ ಚಂದವಾಗಿತ್ತು. ಮಂಜಯ್ಯ ಹೋಗುವಾಗ, “ನಾಳೆ ಧಾರೆ ಸೀರೆ ಉಟ್ಕಂಡಿರಿ ಅಮ್ಮ, ಕೈಗೆ ಒಂಚೂರು ಮೆಹಂದಿನೂ ಹಚ್ಕಳಿ” ಎಂದರು. ಹಚ್ಚಿಕೊಂಡೆ.

ಮರುದಿನ ಬೆಳಿಗ್ಗೆ ಕೊಳ್ಳುವವರು ಬಂದರು. ರುದ್ರಾಣಿ ಮೇಡಂ, ಕಡೂರಿನ ಕಡೆಯವರು, ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಜೊತೆಗೆ ಮಾತಾಡದ ಗಂಡ. ನಾನು ಧಾರೆ ಸೀರೆಯಲ್ಲಿ ಬೆತ್ತದ ಕುರ್ಚಿಯ ಪಕ್ಕ ನಿಂತಿದ್ದೆ. ಮಂಜಯ್ಯ ಅವರಿಗೆ ತಾರಸಿ ತೋರಿಸುವ ಮುಂಚೆ, ನೀರಿನ ಟ್ಯಾಂಕು ತೋರಿಸುವ ಮುಂಚೆ, ನನ್ನನ್ನು ತೋರಿಸಿದರು. “ಮೊನ್ನೆ ಮೊನ್ನೆ ಇದೇ ಅಂಗಳದಲ್ಲಿ ಧಾರೆ ಆಗಿದ್ದು ಮೇಡಂ. ನೋಡಿ, ಇನ್ನೂ ಚಪ್ಪರ ಇಳಿಸಿಲ್ಲ.”

ಮೇಡಂ ಗೋಡೆ ತಟ್ಟಿ ನೋಡಲಿಲ್ಲ, ನಲ್ಲಿ ತಿರುಗಿಸಲಿಲ್ಲ. ನಾನು ಕೊಟ್ಟ ಕಾಫಿಯನ್ನು ಮೇಜಿನ ಮೇಲಿಟ್ಟು ನನ್ನ ಮೆಹಂದಿ ಕೈ ಹಿಡಿದುಕೊಂಡರು. “ಊರಲ್ಲಿ ಏನೇನೋ ಹೇಳಿದ್ರು ನಮ್ಗೆ. ನಾನು ನಿನ್ನನ್ನೇ ಕೇಳ್ತೀನಿ ಕಣಮ್ಮ. ಈ ಮನೆಗೆ ಕಾಲಿಟ್ಟ ಮೇಲೆ ನೀನು ಸುಖವಾಗಿದೀಯಾ?”

ಮಂಜಯ್ಯ ಒಮ್ಮೆ ಕೆಮ್ಮಿದರು. ಅತ್ತೆ ಬಾಗಿಲ ಸಂದಿಯಲ್ಲಿದ್ದರು. ಉಮೇಶ್ ನೆಲ ನೋಡುತ್ತಿದ್ದರು. ಮದುವೆಯಾದಾಗಿನಿಂದ ನನ್ನನ್ನು ಯಾರೂ ಕೇಳದಿದ್ದ ಪ್ರಶ್ನೆಯನ್ನು ಮನೆ ಕೊಳ್ಳಲು ಬಂದವರು ಕೇಳಿದರು.

“ತುಂಬಾ ಸುಖವಾಗಿದೀನಿ ಮೇಡಂ” ಎಂದೆ. ನಕ್ಕೆ. ಚೆನ್ನಾಗಿಯೇ ನಕ್ಕಿರಬೇಕು, ಏಕೆಂದರೆ ಅವರ ಕಣ್ಣು ತುಂಬಿಬಂತು. ಗಂಡನ ಕಡೆ ತಿರುಗಿ, “ಆಯ್ತು ಕಣ್ರೀ, ಇದೇ ಆಗ್ಲಿ” ಎಂದರು.

ಸುಳ್ಳು ಹೇಳಿದೆನಾ? ನನಗೇ ಗೊತ್ತಿಲ್ಲ. ನಮ್ಮ ಮನೆಗಾಗಿ ಹೇಳಿದೆ, ಅಷ್ಟಂತೂ ನಿಜ. ಇನ್ನು ಮೇಲೆ ಎಲ್ಲ ಸರಿಹೋಗುತ್ತದೆ ಅಲ್ಲವೇ?

ನಿನ್ನ
ಕೃತಿಕಾ


ಬಾಳೂರು
27-4-2025

ಪ್ರೀತಿಯ ಶಬ್ಬು,

ತಡವಾಯಿತು. ಮನೆ ಖಾಲಿ ಮಾಡುವ ಗಡಿಬಿಡಿ. ಪರೀಕ್ಷೆ ಮುಗಿದಿರಬೇಕು, ಚೆನ್ನಾಗಿ ಬರೆದಿರುತ್ತೀಯ, ನೀನು ಯಾವತ್ತು ಚೆನ್ನಾಗಿ ಬರೆದಿಲ್ಲ?

ಮೂಡಿಗೆರೆಯಲ್ಲಿ ರಿಜಿಸ್ಟರ್ ಆಯಿತು. ಬಾಳೂರಿನಲ್ಲಿ ಈಗ ನಾನು ಬಹಳ ಹೆಸರುವಾಸಿ. ಹಾಲು ಕೊಡುವ ಸಿದ್ದಗಂಗಮ್ಮ ನನ್ನ ಪಾದ ನೋಡುತ್ತಾ, “ಕಾಲ್ಗುಣ ಅಂದ್ರೆ ಇದು ಕಣ್ರವ್ವಾ. ಯಾರೂ ಮೂಸಿ ನೋಡದ ಮನೆ, ಈಯಮ್ಮ ಬಂದು ನಾಕು ದಿನಕ್ಕೆ ಹೋಯ್ತು!” ಎಂದು ಎಲ್ಲರೆದುರು ಹೇಳಿದಳು. ಒಳ್ಳೆಯ ಕಾಲ್ಗುಣದ ಹೆಣ್ಣು ಬಂದರೆ ಮನೆ ಉಳಿಯುತ್ತದೆ ಎಂದು ನಾನು ಕೇಳಿದ್ದೆ.

ನಮ್ಮ ಮನೆಯ ವಿಷಯ ಕೇಳುತ್ತೀಯಲ್ಲ. ರಿಜಿಸ್ಟರ್ ಆದ ಮೇಲೆ ಹೋಟೆಲಿನಲ್ಲಿ ಎಲ್ಲರೂ ಮಸಾಲೆ ದೋಸೆ ತಿಂದೆವು. ನಾನು ಇನ್ನೂ ಹುಚ್ಚಿಯ ಹಾಗೆ, ಚಿಕ್ಕಮಗಳೂರಿನಲ್ಲಿ ಯಾವ ಕಡೆ ಮನೆ ನೋಡೋಣ, ಅಮ್ಮನ ಮನೆಗೆ ಹತ್ತಿರ ಬೇಡ, ದೂರವೂ ಬೇಡ ಎಂದೆಲ್ಲ ಹೇಳುತ್ತಿದ್ದೆ. ಆಮೇಲೆ ಮೋನಿಕಾ ಅತ್ತಿಗೆ ಉಮೇಶ್ ಕಡೆ ನೋಡಿ, “ಏನೋ, ಇವಳಿಗೆ ಇನ್ನೂ ಹೇಳಿಲ್ವನಾ?” ಎಂದರು.

ಹೇಳಿರಲಿಲ್ಲ. ಉಮೇಶ್ ತಮ್ಮ ಪಾಲನ್ನು ಭಾವನ ಜೊತೆ ಸೇರಿಸಿ ಕಳಸದಲ್ಲಿ ಎರಡು ಜೀಪು ಹಾಕುತ್ತಾರಂತೆ. ಆ ಮಾತು ಮದುವೆಗೂ ಮುಂಚೆಯೇ ಆಗಿತ್ತಂತೆ. ಉಮೇಶ್ ಜೀಪಿನ ಶೆಡ್ಡಿನಲ್ಲಿ ಡ್ರೈವರುಗಳ ಜೊತೆ ಇರುತ್ತಾರೆ. ಅತ್ತಿಗೆಯ ಮನೆಯಲ್ಲಿ ಅತ್ತೆಗೆ ಮಾತ್ರ ಜಾಗವಿದೆ, ಅಡುಗೆಮನೆಗೆ ತಾಗಿದ ಚಿಕ್ಕ ಕೋಣೆ.

“ನಾನು?” ಎಂದೆ.

“ನೀನು ಸ್ವಲ್ಪ ದಿನ ನಿಮ್ಮಮ್ಮನ ಮನೇಲಿರು” ಎಂದರು ಉಮೇಶ್. “ಈ ಮಳೆಗಾಲ ಕಳೀಲಿ. ಜೀಪಿನ ಸಾಲ ಒಂದು ಹದಕ್ಕೆ ಬರ್ಲಿ. ಆಮೇಲೆ ಎಂತಾದ್ರೂ ಮಾಡಣ.”

“ಮಾಡ್ತೀರಾ?”

ಅವರು ದೋಸೆಯ ತುಣುಕನ್ನು ಚಟ್ನಿಯಲ್ಲಿ ಅದ್ದಿ ಹಾಗೇ ಹಿಡಿದುಕೊಂಡಿದ್ದರು. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲವೆಂದು ನಿನಗೆ ಬರೆದಿದ್ದೆ.

ಜಗಳ ಆಡಬೇಕಿತ್ತು ಎನ್ನುತ್ತೀಯ. ಮನೆಗೆ ಬಂದ ಮೇಲೆ ಆಡಿದೆ ಕೂಡ, ಗಂಟಲು ಕಟ್ಟುವ ತನಕ. ಅವರು ಕಡ ತಂದ ಮೇಜನ್ನು ತಲೆಯ ಮೇಲೆ ಹೊತ್ತು ಹೋಮ್‌ಸ್ಟೇಗೆ ವಾಪಸು ಕೊಟ್ಟು ಬಂದರು. ಆಮೇಲೆ ಕುರ್ಚಿಗಳು. ಗೋಡೆಯ ಜೊತೆ ಎಷ್ಟು ಹೊತ್ತು ಜಗಳ ಆಡುತ್ತೀಯ ಶಬ್ಬು?

ಅತ್ತೆ ನಿನ್ನೆ ಉಮೇಶ್ ಜೀಪಿನಲ್ಲಿ ಕಳಸಕ್ಕೆ ಹೊರಟರು. ಜೀಪು ಹತ್ತುವ ಮುಂಚೆ ನನ್ನ ಹತ್ತಿರ ಬಂದು, “ನಂಗೂ ಯಾರೂ ಕೇಳ್ಲಿಲ್ಲ ಮಗಾ” ಎಂದರು. ಏನನ್ನು ಎಂದು ನಾನು ಕೇಳಲಿಲ್ಲ. ಅವರ ಕಂಕುಳಲ್ಲಿ ಸೀರೆ ಸುತ್ತಿದ ಮಾವನವರ ಫೋಟೋ ಇತ್ತು. ಮಗಳ ಮನೆಯ ಗೋಡೆಗೆ ಅದನ್ನು ಹಾಕಲು ಬಿಡುತ್ತಾರೋ ಇಲ್ಲವೋ.

ರುದ್ರಾಣಿ ಮೇಡಂ ಬಂದು ಬೀಗದ ಕೈ ತೆಗೆದುಕೊಂಡು ಹೋದರು. ನಾನು ಹೊಲಿದ ಪರದೆ ಹಾಗೇ ಇರಲಿ ಎಂದರು. ಹೋಗುವಾಗ ಸೀರೆ, ಕುಂಕುಮ ಕೊಟ್ಟು, “ನಿನ್ನ ಹಾಗೆ ನನ್ನ ಸೊಸೆನೂ ಇಲ್ಲಿ ನಗ್ತಾ ಇರ್ಲಿ ಅಂತ ಹರಸಮ್ಮ” ಎಂದರು. ನನಗಿಂತ ಇಷ್ಟು ದೊಡ್ಡವರು ನನ್ನ ಹರಕೆ ಕೇಳಿದರು. ಹರಸಿದೆ. ಇನ್ನೇನು ಮಾಡಲಿ, ಅವರದ್ದೇನು ತಪ್ಪು. ಎಲ್ಲ ಸಾಗಿಸಲು ನಾಳೆಯ ತನಕ ಸಮಯ ಕೊಟ್ಟಿದ್ದಾರೆ. ಹಾಲಿನಲ್ಲಿ ಒಂದು ಚಾಪೆ, ಒಂದು ಟ್ರಂಕು, ನಾನು. ಬಿಳಿ ಗೋಡೆ ಕಣ್ಣಿಗೆ ಚುಚ್ಚುತ್ತದೆ. ಇಷ್ಟು ಖಾಲಿಯಾಗಿ, ಇಷ್ಟು ಚಂದವಾಗಿ ಈ ಮನೆ ಯಾವತ್ತೂ ಇರಲಿಲ್ಲ.

ನೀನಾದರೂ ಚೆನ್ನಾಗಿರು ಕಣೇ. ಪಾಸಾಗು, ಒಳ್ಳೆಯ ಕಡೆ ಕೆಲಸ ಸಿಗಲಿ, ನಿನ್ನ ಹೆಸರಿನಲ್ಲೇ ಒಂದು ಬಾಗಿಲು, ಒಂದು ಬೀಗ ಆಗಲಿ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ. ರಹೀಮ್ ಚಾಚಾನಿಗೆ ನನ್ನ ಸಲಾಂ ಹೇಳು. ಈ ವಿಳಾಸಕ್ಕೆ ಇನ್ನು ಬರೆಯಬೇಡ. ಯಾವ ವಿಳಾಸಕ್ಕೆ ಬರೆಯಬೇಕೆಂದು ಗೊತ್ತಾದಾಗ ತಿಳಿಸುತ್ತೇನೆ.

ನಿನ್ನ
ಕೃತಿಕಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಹೋಟೆಲಿನಿಂದ ಹೊರಬಂದವಳು ಮೂಡಿಗೆರೆ ಬಸ್‌ಸ್ಟ್ಯಾಂಡಿನಿಂದ ಅಮ್ಮನಿಗೆ ಫೋನು ಮಾಡಿದೆ. ನಕ್ಷತ್ರ, ಮುಳ್ಳು, ಚಪ್ಪರ, ತಾರೀಖು, ಎಲ್ಲವನ್ನೂ ಅಳುತ್ತಾ ಒಂದೇ ಉಸಿರಿಗೆ ಹೇಳಿದೆ. ಇವರು ನಮಗೆ ಮೋಸ ಮಾಡಿದರು ಅಮ್ಮ, ನಾನು ಮನೆಗೆ ಬರುತ್ತೇನೆ ಎಂದೆ. ಆ ಕಡೆ ಹೊಲಿಗೆ ಮೆಷಿನ್ ನಿಂತಿತು. ಅಮ್ಮ ಹೇಳಿದಳು, “ಮೋಸ ಎಂಥದ್ದು ಪುಟ್ಟಿ? ಮಂಜಯ್ಯ ಮೊದಲೇ ಹೇಳಿದ್ರಲ್ಲ. ಗೊತ್ತಿಲ್ದೆ ಕೊಡ್ತೀನಾ ನಾನು? ಎಲ್ಲ ವಿಚಾರಿಸೇ ಕೊಟ್ಟಿದ್ದು.” ಮತ್ತೆ, ದನಿ ತಗ್ಗಿಸಿ, “ತಂಗಿನ ನೋಡಕ್ಕೆ ಗಂಡಿನೋರು ಬರ್ತಿದಾರೆ ಈ ತಿಂಗಳು. ಮದುವೆ ಆಗಿ ಮೂರು ತಿಂಗಳಾಗಿಲ್ಲ, ನೀನು ಟ್ರಂಕು ಹಿಡ್ಕಂಡು ಬಂದ್ರೆ ಏನಂತಾರೆ? ಇನ್ನೊಂಚೂರು ದಿನ ಅಲ್ಲೇ ಹೆಂಗಾದ್ರೂ ಇರು.” ಅಲ್ಲೇ ಎಂದರೆ ಎಲ್ಲಿ ಎಂದು ನಾನು ಕೇಳಲಿಲ್ಲ. ಅಮ್ಮ ಯಾವಾಗಲೂ ಕೇಳುವ ಹಾಗೆ, ಊಟ ಆಯ್ತಾ ಎಂದು ಕೇಳಿದಳು. ಆಯ್ತು ಎಂದೆ. ಮೆಷಿನ್ ಮತ್ತೆ ಶುರುವಾದದ್ದು ಕೇಳಿಸಿತು.